ಮೇಲಕ್ಕೆ ತಿರುಗದ ಅಂಗೈ

ಸರ್ ತೀರಿಕೊಂಡ ಸುದ್ದಿ ಬಂದ ದಿನ ಹಳೇ ವಿದ್ಯಾರ್ಥಿಗಳ ಫೋನ್ ಗುಂಪಿನಲ್ಲಿ ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿ ಬಂದವು. ಒಬ್ಬ ಮಹಾಗುರು ಅಂದ. ಇನ್ನೊಬ್ಬಳು ಸೋಲೇ ಕಾಣದ ಮನುಷ್ಯ ಅಂದಳು. ಇವರೆಲ್ಲ ಅವರ ಕ್ಲಾಸಿಗೆ ಚಕ್ಕರ್ ಹೊಡೆದು ಸಿನಿಮಾಕ್ಕೆ ಹೋಗುತ್ತಿದ್ದವರೇ. ನಾನೂ ಹೋಗಿದ್ದೇನೆ, ಅದು ಬೇರೆ ಮಾತು. ನನಗೆ ಅವತ್ತು ಏನೂ ಬರೆಯಲಾಗಲಿಲ್ಲ. ಸರ್ ಅಂದರೆ ನನ್ನ ಕಣ್ಣ ಮುಂದೆ ಬರುವುದು ನಾಚಿಕೆಯಿಂದ ತಗ್ಗಿದ ಒಂದು ಮುಖ. ಸತ್ತವರನ್ನು ಹಾಗೆ ನೆನೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ. ಆದರೆ ನಾನು ಅವರನ್ನು ಮನಸಾರೆ ಗೌರವಿಸತೊಡಗಿದ್ದು ಆ ಮುಖ ನೋಡಿದ ಮೇಲೆ.

ಸರ್ ನಮ್ಮ ವಿಶ್ವವಿದ್ಯಾಲಯದ ಆಕ್ಯುಪೇಷನಲ್ ಥೆರಪಿ ವಿಭಾಗದಲ್ಲಿ ಮೇಷ್ಟ್ರು. ಲಕ್ವ ಹೊಡೆದವರಿಗೆ, ಕೈಬೆರಳು ಕಳಕೊಂಡವರಿಗೆ ಉಣ್ಣುವುದು, ಉಡುವುದು, ತಲೆ ಬಾಚುವುದು, ತಮ್ಮ ಕಸುಬಿಗೆ ಮರಳುವುದು, ಇವನ್ನೆಲ್ಲ ಮತ್ತೆ ಕಲಿಸುವ ವಿದ್ಯೆ ನಮ್ಮದು. ವಿಭಾಗ ಇದ್ದದ್ದು ಹೈದರಾಬಾದಿನಲ್ಲಿ. ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಮನೆಯಲ್ಲಿ ಅದರ ಹೊರಕೇಂದ್ರ. ಸರ್ ಅದರ ಯಜಮಾನರು. ವಾರಕ್ಕೊಂದು ದಿನ ನಾರಾಯಣಖೇಡಕ್ಕೆ, ಒಂದು ದಿನ ತಾಂಡೂರಿಗೆ ಹೋಗಿ ಬರುತ್ತಿದ್ದರು. ನಾನು ತಾಂಡೂರಿನ ಮಗ್ಗುಲಿನ ಯಾಲಾಲದವಳು. ಅಪ್ಪ ಸರ್ಕಾರಿ ನೌಕರ, ಮನೆಮಾತು ಕನ್ನಡ. "ನಿನ್ನ ಭಾಷೆಯ ಪೇಷಂಟುಗಳು ಆ ಕಡೆ ಬಹಳ" ಎಂದು ಕಡೆಯ ವರ್ಷ ನನ್ನನ್ನು ಅಲ್ಲಿಗೇ ಹಾಕಿದರು.

ತೆಲಂಗಾಣ ಹೋರಾಟ ಕಾವೇರಿದ್ದ ಕಾಲ ಅದು. ಇವತ್ತು ಬಂದ್, ನಾಳೆ ರಸ್ತಾರೋಕೋ. ಊರ ತುಂಬ ನೌಕರಿಯದೇ ಮಾತು, ನಮ್ಮ ನೌಕರಿ ನಮಗೇ ಬೇಕು ಎಂಬ ಕೂಗು. ನಮ್ಮ ಬೋರ್ಡಿನಲ್ಲಿ ಆಕ್ಯುಪೇಷನ್ ಅನ್ನುವುದನ್ನು ಓದಿ ಇದು ನೌಕರಿ ಕೊಡುವ ಆಫೀಸು ಎಂದುಕೊಂಡು ಸರ್ಟಿಫಿಕೇಟು ಹಿಡಿದು ಬರುವ ಹುಡುಗರೂ ಇದ್ದರು. ಸರ್ ಅವರನ್ನು ಗದರಿಸುತ್ತಿರಲಿಲ್ಲ. ಕೂಡಿಸಿ ಚಹಾ ಕುಡಿಸಿ, ನಮ್ಮ ಕೆಲಸ ಏನೆಂದು ತಿಳಿಸಿ, ಮನೆಯಲ್ಲಿ ಲಕ್ವ ಹೊಡೆದವರು ಯಾರಾದರೂ ಇದ್ದರೆ ಕರೆದುಕೊಂಡು ಬಾ ಎಂದು ಕಳಿಸುತ್ತಿದ್ದರು. ಹಾಗೆ ಬಂದ ಪೇಷಂಟುಗಳೇ ನಮಗೆ ಅರ್ಧ.

ಸರ್ ಗಿಡ್ಡ ಆಳು. ಅರ್ಧ ತೋಳಿನ ಬಿಳಿ ಅಂಗಿ, ಎದೆಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಸಣ್ಣ ಕತ್ತರಿ. ಕೈಗೆ ಕಟ್ಟುವ ಪಟ್ಟಿಗಳನ್ನು ತಾವೇ ಮಾಡುತ್ತಿದ್ದರು. ಅದಕ್ಕೊಂದು ಬಗೆಯ ಪ್ಲಾಸ್ಟಿಕ್ ಹಾಳೆ ಬರುತ್ತದೆ. ಬಿಸಿನೀರಿಗೆ ಹಾಕಿದರೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ, ಕೈಮೇಲೆ ಹೊದಿಸಿದರೆ ಆ ಕೈಯ ಆಕಾರಕ್ಕೆ ಗಟ್ಟಿಯಾಗುತ್ತದೆ. ಯಾವ ಊರಿಗೆ ಹೋದರೂ ತೊಡೆಯ ಮೇಲೆ ಒಂದು ಅಗಲ ಬೋಗುಣಿ ಇಟ್ಟುಕೊಂಡೇ ಹೋಗುತ್ತಿದ್ದರು. ಜೀಪಿನಲ್ಲಿ ಪಕ್ಕದವರು ಮದುವೆ ಅಡುಗೆಯವರೇನೋ ಎಂದು ಕೇಳುವುದಿತ್ತು. ಹೌದು ಅನ್ನುತ್ತಿದ್ದರು.

ಪಕ್ಕದ ಫಿಸಿಯೋಥೆರಪಿಯವರನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. "ಅವರು ಕೈ ಎತ್ತಿಸುತ್ತಾರೆ. ಎತ್ತಿದ ಕೈ ಏನು ಮಾಡಬೇಕು ಅಂತ ನಾವು ಕೇಳಬೇಕು" ಎಂದು ದಿನಕ್ಕೊಂದು ಸಲ ಹೇಳದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಮತ್ತೆ ನಿಜಕ್ಕೂ ಕೇಳುತ್ತಿದ್ದರು. ತಾಂಡೂರಿನಲ್ಲಿ ಬಂಡೆ ಪಾಲಿಶ್ ಮಾಡುವ ಒಬ್ಬನ ಬೆರಳು ಮಿಷಿನ್ನಿಗೆ ಹೋಗಿದ್ದವು. ಉಳಿದ ಬೆರಳಲ್ಲಿ ಲೋಟ ಹಿಡಿಯುವುದು ಕಲಿಸಲೇ, ಚಮಚ ಕಲಿಸಲೇ ಅಂದರೆ ಅವನು, "ಏನೂ ಬ್ಯಾಡ್ರಿ, ಬೀಡಿ ಸೇದಾಕ ಬರೂಹಂಗ ಮಾಡ್ರಿ ಸಾಕು" ಅಂದ. ನಾವು ಕಿಸಕ್ಕೆಂದು ನಕ್ಕೆವು. ಸರ್ ನಗಲಿಲ್ಲ. ತಂತಿ ಬಗ್ಗಿಸಿ ಒಂದು ಬೀಡಿ ಚಿಮಟ ಮಾಡಿಕೊಟ್ಟರು. ಬೀಡಿ ಬಿಡಿಸುವುದು ಡಾಕ್ಟರರ ಕೆಲಸ, ನಮ್ಮದಲ್ಲ ಅಂದರು.

ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆಲ್ಲ ಬಲಗೈ ಕಟ್ಟಿ ಬಿಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಂದೇ ಕೈಯಲ್ಲಿ ಬದುಕಬೇಕು. ಅವರೂ ಕಟ್ಟಿಕೊಳ್ಳುತ್ತಿದ್ದರು. ಹಾಗೇ ಬಸ್ ಸ್ಟ್ಯಾಂಡಿನ ಹೋಟೆಲಿಗೆ ನಡೆದು ಎಡಗೈಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಮೇಜಿನವರು ಮುಖ ಸಿಂಡರಿಸಿದ್ದು ನನಗೆ ನೆನಪಿದೆ. ಸರ್ ಹೆಮ್ಮೆಯಿಂದ ಇನ್ನೊಂದು ರೊಟ್ಟಿ ತರಿಸಿದರು. ಪಾಠದಲ್ಲಿ ಮಾತ್ರ ಎಡಗೈ ಅವರಿಗೆ ಬರೀ ಸಹಾಯಕ. "ಬಲಗೈ ಮನುಷ್ಯನಿಗೆ ಎಡಗೈ ಬಿದ್ದರೆ ಪುಣ್ಯವಂತ ಅಂತ ತಿಳಿಯಿರಿ. ಒಂದೇ ಕೈಯ ಉಪಾಯ ಕಲಿಸಿ, ಮನೆಗೆ ಕಳಿಸಿ." ನಾವು ಹಾಗೇ ಬರೆದುಕೊಂಡೆವು. ಪರೀಕ್ಷೆಯಲ್ಲಿ ಅದಕ್ಕೆ ನನಗೆ ಪೂರ್ತಿ ಅಂಕ ಬಂತು.

ಸರ್ ಕನ್ನಡದವರು ಅಂತ ನನಗೆ ಗೊತ್ತಾದದ್ದೂ ಆ ಬೋಗುಣಿಯಿಂದಲೇ. ವಿಭಾಗದಲ್ಲಿ ಅವರದು ಅಪ್ಪಟ ಹೈದರಾಬಾದಿ ತೆಲುಗು, ನಡುನಡುವೆ ದಖನಿ ಉರ್ದು. ಒಂದು ದಿನ ಬಿಸಿನೀರು ಕೈಗೆ ಚೆಲ್ಲಿಕೊಂಡು, "ಅಯ್ಯಯ್ಯಪ್ಪೋ, ಸುಟ್ಟಿತಲೇ ಯವ್ವಾ!" ಎಂದು ಚೀರಿದರು. ಅದು ನಮ್ಮ ಅಜ್ಜಿಯ ಬಾಯಿಂದ ಬಿದ್ದ ಹಾಗಿತ್ತು. ನಾನು ಬಾಯಿಬಿಟ್ಟು ನೋಡಿದೆ.

"ಕೊಹೀರ್ ಕಡೆ ಹಳ್ಳಿ. ಯಾರಿಗೂ ಹೇಳಾಕ ಹೋಗಬ್ಯಾಡ" ಅಂದರು, ಕೈಗೆ ತಣ್ಣೀರು ಸುರಿದುಕೊಳ್ಳುತ್ತ.

ಯಾಕೆ ಅಂತ ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಆ ದಿನಗಳಲ್ಲಿ ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ಮುಂಚೆ ಯಾವ ಊರು ಅಂತ ಕೇಳುವವರಿದ್ದರು. ಯಾಲಾಲ ಅಂದರೆ ಸರಿ, ಮನೆಯಲ್ಲಿ ಕನ್ನಡ ಅಂದರೆ, "ಹಾಗಾದರೆ ನೀವು ಬೀದರಿನವರಲ್ಲವಾ?" ನಾಲ್ಕು ತಲೆಮಾರು ಇಲ್ಲಿಯ ನೀರು ಕುಡಿದವರು ಹೊಸದಾಗಿ ಸಾಕ್ಷಿ ಹೇಳಬೇಕು. ನಾನೂ ಫೋನಿನಲ್ಲಿ ಅವ್ವನ ಜೊತೆ ಕೊಠಡಿಯ ಹೊರಗೆ ಹೋಗಿ ಮಾತಾಡುತ್ತಿದ್ದೆ. ಸರ್ ನನಗಿಂತ ಮುಂಚೆ, ಹುಡುಗನಾಗಿ ಹಾಸ್ಟೆಲಿಗೆ ಬಂದ ವರ್ಷವೇ, ಮೈಮೇಲಿನ ಗುರುತನ್ನೆಲ್ಲ ಒಂದೊಂದಾಗಿ ತೆಗೆದಿಟ್ಟಿದ್ದರು. ಹಣೆಯ ವಿಭೂತಿ, ಮಾತು, ಕೊರಳಲ್ಲಿದ್ದದ್ದು. ಆಗ ನನಗೆ ಇದರಲ್ಲಿ ಮಾತಿನದು ಮಾತ್ರ ಗೊತ್ತು.

ಶರಣಮ್ಮ ನಾರಾಯಣಖೇಡದವರು, ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಪೇಷಂಟು. ಗಂಡನದು ಬೇಳೆ ಅಂಗಡಿ, ತಲೆಮಾರುಗಳಿಂದ ಲಿಂಗಾಯತ ವ್ಯಾಪಾರಸ್ಥರು. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದಿದ್ದವು. ಕಾಲು ಸುಮಾರು ಮರಳಿ ಬಂತು. ಕೈ ಮಾತ್ರ ಎದೆಗೆ ಅಂಟಿಕೊಂಡು, ಮುಷ್ಟಿ ಕಟ್ಟಿ, ಅಂಗೈ ಕೆಳಮುಖವಾಗಿ ನಿಂತಿತ್ತು. ಬಲಗೈ ಗಟ್ಟಿಯಾಗಿತ್ತು. ಸರ್ ಲೆಕ್ಕದಲ್ಲಿ ಪುಣ್ಯವಂತೆ.

ಬೆಳಗ್ಗೆ ಎದ್ದ ಮೇಲೆ ಏನೇನು ಮಾಡುತ್ತೀರಿ ಎಂದು ಕೇಳುವುದು ನಮ್ಮ ಮೊದಲ ಪಾಠ. ಕೇಳಿದವಳು ನಾನೇ. "ಮಾರಿ ತೊಳ್ಕೋತೀನಿ, ಜಳಕ, ಪೂಜಿ, ಆಮ್ಯಾಲ ರೊಟ್ಟಿ" ಅಂದರು. ಜಳಕ ಕಲಿಸಿದೆವು. ಒಂದೇ ಕೈಯಲ್ಲಿ ಸೀರೆ ಉಡುವುದು, ತಲೆ ಬಾಚುವುದು ಕಲಿಸಿದೆವು. ಪೂಜೆಗೆ ಸರ್ ಸ್ವಂತ ತಲೆ ಓಡಿಸಿದರು. ಒಂದು ಹಲಗೆಗೆ ಬೆಂಕಿಪೊಟ್ಟಣ ಗಟ್ಟಿಯಾಗಿ ಕೂರುವ ಮನೆ, ಪಕ್ಕದಲ್ಲಿ ಊದಿನಕಡ್ಡಿಗೆ ತೂತು, ದೀಪಕ್ಕೆ ಕುಳಿ. ಒಂದೇ ಕೈಯಲ್ಲಿ ಕಡ್ಡಿ ಗೀರಿ ದೀಪ ಹಚ್ಚಬಹುದು. ಶರಣಮ್ಮ ನಾಲ್ಕಾರು ಸಲದಲ್ಲೇ ಕಲಿತರು. ಸರ್ ಆ ಹಲಗೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಕೇಂದ್ರದಲ್ಲಿ ಊಟದ ಅಭ್ಯಾಸವೂ ಇತ್ತು. ಹನ್ನೊಂದರ ಸುಮಾರಿಗೆ ಜಾರದ ತಟ್ಟೆಯಲ್ಲಿ ಅವಲಕ್ಕಿಯೋ ಅನ್ನವೋ ಇಡುತ್ತಿದ್ದೆವು. ಶರಣಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ನಾಲ್ಕು ತುತ್ತು ತಿನ್ನುತ್ತಿದ್ದರು. ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿದ್ದರು. ಲಕ್ವದವರು ಸೊರಗುವುದುಂಟು ಎಂದುಕೊಂಡೆವು.

ಹೈದರಾಬಾದಿನ ಕ್ಯಾಂಪಸ್ಸು ಚಳವಳಿಯಿಂದ ಮುಚ್ಚಿತ್ತು. ಹಾಗಾಗಿ ಆ ವರ್ಷ ವಿಭಾಗದ ಕಾರ್ಯಕ್ರಮವನ್ನು ಜಹೀರಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಇಟ್ಟುಕೊಂಡೆವು. ಮೇಷ್ಟ್ರುಗಳು ಬಂದರು, ವಿದ್ಯಾರ್ಥಿಗಳು ತಾವು ಮಾಡಿದ ಚಮಚ, ಪಟ್ಟಿ, ಬೀಡಿ ಚಿಮಟ ಎಲ್ಲ ಮೇಜಿನ ಮೇಲೆ ಜೋಡಿಸಿದರು. ಹೊರಗೆ ಹೆದ್ದಾರಿಯ ಮೇಲೆ ಹೋರಾಟದವರು ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ರಸ್ತೆ ತಡೆಯುವ ಹೊಸ ರೀತಿ ಅದು. ಅವರಲ್ಲಿ ಅರ್ಧ ಜನ ಒಳಗೆ ಬಂದು ನಮ್ಮ ಕುರ್ಚಿ ತುಂಬಿಸಿದರು. ದೀಪ ಹಚ್ಚಲು ಸರ್ ಅತಿಥಿಗಳನ್ನು ಕರೆಯಲಿಲ್ಲ. ಶರಣಮ್ಮನನ್ನು ಕರೆದರು. ಹಲಗೆ ಮುಂದಿಟ್ಟರು. ಆಕೆ ಒಂದೇ ಕೈಯಲ್ಲಿ ಕಡ್ಡಿ ಗೀರಿ ದೀಪ ಹಚ್ಚಿದಾಗ ಬಿದ್ದ ಚಪ್ಪಾಳೆಗೆ ಸರ್ ಕಣ್ಣಲ್ಲಿ ನೀರು ಬಂತು.

ಅತಿಥಿಗಳಾಗಿ ಬಂದಿದ್ದ ಹಿರಿಯ ಡಾಕ್ಟರು ಮೈಕು ಹಿಡಿದು ತೆಲುಗಿನಲ್ಲಿ ಕೇಳಿದರು: ಅಮ್ಮಾ, ಈಗ ಎಲ್ಲ ಕೆಲಸ ನೀವೇ ಮಾಡಿಕೊಳ್ಳುತ್ತೀರಿ, ಇನ್ನೇನಾದರೂ ಉಳಿದಿದೆಯಾ? ನಾನು ಮೈಕು ತೆಗೆದುಕೊಂಡು ಕನ್ನಡದಲ್ಲಿ ಕೇಳಿದೆ. ಶರಣಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು:

"ಎಲ್ಲಾ ಬರೋಬರ್ ಆಗ್ಯಾದ್ರಿ. ಖರೇ ಹೇಳಬೇಕಂದ್ರ, ದೀಪ ಹಚ್ಚೂದು ನಮ್ಮನ್ಯಾಗ ನಮ್ಮ ನೆಗೆಣ್ಣಿ ಕೆಲಸ್ರಿ. ನಂದು ಲಿಂಗಪೂಜಿ. ಅದು ಎಡಗೈಯಾಗ ಆಗಬೇಕ್ರಿ. ಈ ಕೈ ಮ್ಯಾಲಕ್ಕ ತಿರಗವಲ್ದು, ಲಿಂಗ ಹ್ಯಾಂಗ ಇಡ್ಲಿ? ಜಾರಿ ಬಿದ್ದರ ನಾ ಉಳೀಬಾರದ್ರಿ. ಪೂಜಿ ಇಲ್ಲದ ಬಾಯಾಗ ತುತ್ತು ಇಳೀವಲ್ದು. ಬರೇ ಕಣ್ಣಿಗೊತ್ತಿಕೊಂಡು ಒಂದೇ ಹೊತ್ತು ಉಣ್ತೀನಿ. ಇಲ್ಲಿ ಡಾಕ್ಟರ್ ಸಾಬ್ರು ಉಣ್ಣಂತಾರ, ಒಲ್ಲೆ ಅನ್ನಾಕ ಆಗ್ತದೇನ್ರಿ? ತಪ್ಪಾತು ಅಂತ ಕೆನ್ನಿ ಬಡಕೊಂಡು ಉಣ್ತೀನಿ."

ನಾನು ತೆಲುಗಿಗೆ ತಿರುಗಿಸಬೇಕಿತ್ತು. ಮೈಕನ್ನು ಕೆಳಗಿಳಿಸಿದೆ. ನನ್ನ ನೆರೆಮನೆಯವರೆಲ್ಲ ಅದೇ ಪೂಜೆ ಮಾಡುವವರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತವರನ್ನು ನಾನು ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ? ಪೂಜೆ ಅಂದ ಕೂಡಲೇ ನಮ್ಮ ಮನೆಯ ಗೂಡು, ದೀಪ, ಊದಿನಕಡ್ಡಿ ನೆನೆದು ಸುಮ್ಮನಾಗಿದ್ದೆ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಸರ್ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಶರಣಮ್ಮ ಹೇಳಿದ್ದನ್ನು ಒಂದು ಮಾತೂ ಬಿಡದೆ ತೆಲುಗಿನಲ್ಲಿ ಹೇಳಿದರು. ಅವರಿಗೆ ಕನ್ನಡ ಬರುತ್ತದೆಂದು ವಿಭಾಗಕ್ಕೆಲ್ಲ ತಿಳಿದದ್ದು ಹಾಗೆ. ಕಡೆಗೆ, "ಈಕೆಗೆ ಬೇಡದ ಪೂಜೆ ಕಲಿಸಿದ್ದೇವೆ. ಉಪವಾಸ ಕೆಡವಿದ್ದೇವೆ. ಚಪ್ಪಾಳೆ ಹೊಡೆಯಬೇಡಿ" ಅಂದರು. ಯಾರೂ ಹೊಡೆಯುತ್ತಿರಲಿಲ್ಲ. ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ವೇದಿಕೆಯಿಂದ ಇಳಿದರು. ಆ ಗಿಡ್ಡ ಆಳು ಅವತ್ತು ಇನ್ನೂ ಗಿಡ್ಡ ಕಂಡರು.

ಹೊರಗೆ ಶರಣಮ್ಮ ಮಾತ್ರ ಹಿಗ್ಗಿದ್ದರು. "ನಿಮಗ ನಮ್ಮ ಮಾತು ಬರ್ತದಲ್ರಿ! ಯಾವೂರು? ಯಾರ ಪೈಕಿ?" ಸರ್ ಊರು ಹೇಳಿದರು, ಮನೆತನ ಹೇಳಿದರು. "ಅಯ್ಯ, ಹಂಗಾರ ನಮ್ಮವರs ಆದ್ರಲ್ರಿ!" ಅಂದರು ಆಕೆ. ಸರ್ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಅದಾದ ಮೇಲೆ ಮುಷ್ಕರ ಜೋರಾಯಿತು. ಬಸ್ಸುಗಳು ಡಿಪೋ ಬಿಟ್ಟು ಬರಲಿಲ್ಲ. ಕೇಂದ್ರ ಮುಚ್ಚಿ ಮನೆಗೆ ಹೋಗಿ ಅಂತ ಮೇಲಿನಿಂದ ಹೇಳಿದರು. ಸರ್ ಹೋಗಲಿಲ್ಲ. ಖಾಸಗಿ ಜೀಪುಗಳಲ್ಲಿ ಜನ ಜೋತುಬಿದ್ದು ಹೋಗುತ್ತಿದ್ದರು. ಸರ್ ಬೋಗುಣಿ ತಬ್ಬಿಕೊಂಡು ಅವುಗಳಲ್ಲೇ ನಾರಾಯಣಖೇಡಕ್ಕೆ ಹೊರಟರು. ನಾನೂ ಹತ್ತಿದೆ. ದಾರಿಯಲ್ಲಿ ಒಮ್ಮೆ, "ನಾಚಿಕೆ ಅನ್ನೋದು ಬಿಸಿನೀರಿನ ಹಂಗ ಅಲ್ಲಲೇ, ಆರವಲ್ದು" ಅಂದರು. ಅಂದಿನಿಂದ ನನ್ನ ಜೊತೆ ಕನ್ನಡದಲ್ಲೇ ಮಾತು, ಎಲ್ಲರೆದುರಿಗೂ.

ಮುಚ್ಚಿದ ಕೈಯನ್ನು ಬಿಡಿಸಿ ಅಂಗೈ ಮೇಲೆ ಮಾಡುವುದು ನಮ್ಮ ವಿದ್ಯೆಯಲ್ಲಿ ಬಹಳ ಕಷ್ಟದ ಕೆಲಸ. ಅವಸರ ಮಾಡಿದರೆ ಕೈ ಇನ್ನೂ ಬಿಗಿಯುತ್ತದೆ. ಸರ್ ಆಕೆಯ ಮಣಿಕಟ್ಟನ್ನು ಕೆಳಗಿನಿಂದ ಎರಡು ಬೆರಳಲ್ಲಿ ಎತ್ತಿ, ಹೆಬ್ಬೆರಳ ಬುಡ ಹಿಡಿದು, ಎಳ್ಳುಕಾಳಿನಷ್ಟೇ ಅಲುಗುವ ಹಾಗೆ ತಿರುಗಿಸುತ್ತ ಕೂರುತ್ತಿದ್ದರು. ಮೊಣಕೈಯಿಂದ ಹೆಬ್ಬೆರಳಿಗೆ ಸುತ್ತಿಕೊಂಡು ಬರುವ ಪಟ್ಟಿ ಮಾಡಿದರು. ಸರಿ ಬರಲಿಲ್ಲ, ಕಿತ್ತರು. ಇನ್ನೊಂದು ಮಾಡಿದರು. ಮೊಣಕೈ ಊರಲು ಒಂದು ಸಣ್ಣ ಮಣೆಗೆ ಹತ್ತಿ ತುಂಬಿದರು. ಅಂಗೈ ಅಡ್ಡವಾಯಿತು, ಓರೆಯಾಯಿತು, ತಿಂಗಳುಗಟ್ಟಲೆ ಅಲ್ಲೇ ನಿಂತಿತು. ಜಹೀರಾಬಾದಿನಲ್ಲಿ ಮುಷ್ಕರ ಮುಗಿದು ಮತ್ತೆ ಶುರುವಾದರೂ ಶರಣಮ್ಮನ ಅಂಗೈ ಓರೆಯೇ. ಅಭ್ಯಾಸಕ್ಕೆ ಅಂಗೈ ಮೇಲೆ ಅಡಿಕೆ ಇಡುತ್ತಿದ್ದೆವು. ಅದು ಉರುಳಿ ಬಿದ್ದಾಗೆಲ್ಲ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಅಡಿಕೆ ಬಿದ್ದರೆ ಏನಾಯಿತು ಅಂತ ನಾನು ನಗಿಸಲು ನೋಡಿದೆ. ಸರ್ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ.

ಒಂದು ದಿನ ಅಡಿಕೆ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಮುಂದಿನ ಸೋಮವಾರ ಪೂಜೆ ಮಾಡಿ ನೋಡುತ್ತೇನೆ ಎಂದು ಶರಣಮ್ಮ ಹೇಳಿದರು. ಬಿದ್ದರೆ ಏನು ಅನ್ನುವ ಮಾತನ್ನು ಯಾರೂ ಆಡಲಿಲ್ಲ.

ಆ ಸೋಮವಾರ ಶರಣಮ್ಮನ ಮನೆಯಲ್ಲಿ ಸರ್ ಪಟ್ಟಿ ಕಟ್ಟಿ, ಮೊಣಕೈ ಮಣೆಯ ಮೇಲೆ ಕೂರಿಸಿ ಹೊರಗೆ ಬಂದರು. ಬಾಗಿಲು ಮುಚ್ಚಿಕೊಂಡಿತು. ಪಡಸಾಲೆಯಲ್ಲಿ ನಾವಿಬ್ಬರು ಕೂತೆವು. ಸರ್ ಕುರ್ಚಿಯ ತುದಿಗೆ ಕೂತು ನೆಲ ನೋಡುತ್ತಿದ್ದರು, ಮಗಳ ಹೆರಿಗೆಗೆ ಕಾದವರ ಹಾಗೆ. ಒಳಗಿಂದ ಸದ್ದಿಲ್ಲ. ಬಹಳ ಹೊತ್ತಿನ ಮೇಲೆ ಶರಣಮ್ಮನ ಗಂಡ ಬಾಗಿಲು ತೆರೆದು, ಧೋತರದ ತುದಿಯಿಂದ ಮೂಗು ಒರೆಸಿಕೊಂಡು, "ಆತ್ರಿ. ಬೀಳಲಿಲ್ಲ" ಅಂದರು. ನಾನು ಅತ್ತುಬಿಟ್ಟೆ. ಸರ್ ಉಸಿರು ಬಿಟ್ಟು ಗೋಡೆಗೆ ಒರಗಿದರು. ಅವರು ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗುಂಪಿನವರು ಬರೆದ ಹಾಗೆ ನಾನೂ ಬರೆಯಬಹುದಿತ್ತು.

ಶರಣಮ್ಮ ಹಣೆ ತುಂಬ ವಿಭೂತಿ ಧರಿಸಿ ಹೊರಗೆ ಬಂದರು. ಎಷ್ಟೋ ತಿಂಗಳ ಮೇಲೆ ಬೆಳಗಿನ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ನನಗೆ ತಟ್ಟೆ ಇಟ್ಟರು. ಸರ್ ಮುಂದೆ ತಟ್ಟೆ ಇಡಲಿಲ್ಲ. ಬಲಗೈಯೊಂದರಲ್ಲೇ ಒಂದೊಂದಾಗಿ ತಂದು ಮಣೆ ಹಾಕಿದರು, ತಂಬಿಗೆ ನೀರು ಇಟ್ಟರು, ವಿಭೂತಿ ಗಟ್ಟಿ, ಎರಡು ಪತ್ರಿ, ಒಂದು ಹೂವು.

"ನೀವೂ ಪೂಜಿ ಮಾಡ್ಕೋರಿ ಸರ. ಆಮ್ಯಾಲ ಎಲ್ಲಾರೂ ಕೂಡೇ ಉಣ್ಣೂಣು."

ಸರ್ ಮಣೆಯನ್ನೇ ನೋಡಿದರು.

"ನಂದು ಇಲ್ಲವ್ವ" ಅಂದರು.

"ಜಹೀರಾಬಾದದಾಗ ಮರ್ತು ಬಂದೀರೇನ್ರಿ?"

"ಇಲ್ಲ. ಭಾಳ ವರ್ಷ ಆತು. ಇಲ್ಲವೇ ಇಲ್ಲ."

ಗಂಡ ಕೆಮ್ಮಿದರು. ಈಗ ಬೈಗುಳ ಬರುತ್ತದೆ ಎಂದು ನಾನು ಕಾದೆ. ಬಂದಿದ್ದರೆ ಸರ್‌ಗೆ ಸುಖವಾಗುತ್ತಿತ್ತು. ಶರಣಮ್ಮನಿಗೆ ಸಿಟ್ಟು ಬರಲಿಲ್ಲ. ಮುಖದಲ್ಲಿ ಬಂದದ್ದು ಗಾಬರಿ. ಮನುಷ್ಯ ಲಿಂಗ ಬಿಟ್ಟಿರಬೇಕಾದರೆ ಆಕೆಗೆ ಗೊತ್ತಿದ್ದ ಕಾರಣ ಒಂದೇ. ಕೆಳಗೆ ಕೂತು, ಸರ್ ತೊಡೆಯ ಮೇಲಿದ್ದ ಎಡಗೈ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾಕ್ರಿ ಸರ, ನಿಮ್ಮ ಕೈಗೂ ಏನಾರ ಆಗ್ಯಾದೇನ್ರಿ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ತನ್ನ ಬಲಗೈಯಿಂದ ಅವರ ಎಡ ಮಣಿಕಟ್ಟನ್ನು ಕೆಳಗಿನಿಂದ ಎತ್ತಿ, ಹೆಬ್ಬೆರಳ ಬುಡ ಹಿಡಿದು, ನೋವಾದೀತೆಂದು ಸರ್ ಮುಖ ನೋಡುತ್ತ, ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿಸಿದರು. ಅಂಗೈ ಒಂದಿಷ್ಟೂ ತಡೆಯದೆ ಮೇಲಾಯಿತು. ಬೆರಳು ಬಿಚ್ಚಿಕೊಂಡವು.

"ಅಯ್ಯ, ಚಲೋ ತಿರಗ್ತದಲ್ರಿ!" ಅಂದರು ಶರಣಮ್ಮ. ಅಷ್ಟು ಸಂತೋಷ ಅವರಿಗೆ ತಮ್ಮ ಕೈ ತಿರುಗಿದಾಗಲೂ ಆಗಿರಲಿಲ್ಲ.

ಸರ್ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಲೆ ತಗ್ಗಿಸಿ, ಖಾಲಿ ಅಂಗೈ ಚಾಚಿಕೊಂಡು, ರೊಟ್ಟಿ ಆರುವ ತನಕ ಹಾಗೇ ಕೂತಿದ್ದರು.